ಮೈ ಮರೆತ ಮಕ್ಕಳು

ಹಿನ್ನೀರಿನ ದಂಡೆಯ ಆ ಮಕ್ಕಳ ಆಸ್ಪತ್ರೆಗೆ ಯಾವ ಮಗು ಯಾವ ಕಾರಣಕ್ಕೆ ಬಂದರೂ ಮೊದಲು ಅದರ ಬೆರಳು ದೀಪದ ಹಲಗೆಯ ಮೇಲೆ ಬೀಳಬೇಕಿತ್ತು. ಸೈಕಲ್ಲಿನಿಂದ ಬಿದ್ದು ಬಂದಿರಲಿ, ಚೇಳು ಕಡಿಸಿಕೊಂಡು ಬಂದಿರಲಿ, ಹುಳುಕು ಹಲ್ಲು ಕೀಳಿಸಲು ಬಂದಿರಲಿ, ನಿಯಮ ಒಂದೇ. ಊರೂರಿನಲ್ಲಿ ಶಿಬಿರ ಹಾಕಿ ಲಸಿಕೆ ಕೊಡುವ ಕಾಲ ಹಿಂದೆ ಬಿದ್ದಿತ್ತು. ಜನ ಕೆಲಸ ಹುಡುಕಿಕೊಂಡು ಊರಿಂದೂರಿಗೆ ಹರಿದಾಡುತ್ತಿದ್ದರು. ಇಂದು ಇಲ್ಲಿದ್ದ ಮಗು ನಾಳೆ ಎಲ್ಲಿರುತ್ತದೋ ಹೇಳಲಾಗುತ್ತಿರಲಿಲ್ಲ. ಆದ್ದರಿಂದ ಮಗು ಆಸ್ಪತ್ರೆಯವರ ಕೈಗೆ ಸಿಕ್ಕ ಗಳಿಗೆಯಲ್ಲೇ ಅದಕ್ಕೆ ಬೇಕಾದ ಲಸಿಕೆ ಹಾಕಿ ಕಳಿಸಬೇಕು ಎಂದು ಸರ್ಕಾರ ಕಟ್ಟುಮಾಡಿತ್ತು.

ಹಲಗೆ ಎಂದರೆ ಅಂಗೈಯಷ್ಟು ಅಗಲದ ಗಾಜು. ಅದರ ಮೇಲೆ ಒಂದು ಹನಿ ರಕ್ತ ಬಿದ್ದರೆ ಸಾಕು. ನಮ್ಮ ರಕ್ತದಲ್ಲಿ ನೆನಪಿಟ್ಟುಕೊಳ್ಳುವ ಕಣಗಳಿವೆ. ಒಮ್ಮೆ ಮೈಗೆ ಹೊಕ್ಕ ರೋಗಾಣುವನ್ನು, ಇಲ್ಲವೇ ಲಸಿಕೆಯಲ್ಲಿ ಬಂದ ಅದರ ಚೂರನ್ನು, ಅವು ವರ್ಷಗಟ್ಟಲೆ ಗುರುತಿಟ್ಟುಕೊಳ್ಳುತ್ತವೆ. ಹಲಗೆಯೊಳಗೆ ಒಂದೊಂದು ರೋಗದ ಒಂದೊಂದು ಚೂರನ್ನು ಕೂರಿಸಿದ್ದರು. ರಕ್ತದ ಕಣ ಆ ಚೂರನ್ನು ಗುರುತು ಹಿಡಿದರೆ ಅಲ್ಲೊಂದು ಹಸಿರು ದೀಪ ಹತ್ತುತ್ತಿತ್ತು. ಗುರುತು ಸಿಗದಿದ್ದರೆ ಕತ್ತಲು. ಎಲ್ಲಿ ಕತ್ತಲಿದೆಯೋ ಆ ರೋಗದ ಸೂಜಿ ಮಗುವಿನ ತೋಳಿಗೆ. ಅಷ್ಟೇ ಲೆಕ್ಕ. ಮಕ್ಕಳಂತೂ ದೀಪ ನೋಡುವ ಆಸೆಗೆ ತಾವೇ ಬೆರಳು ಚಾಚುತ್ತಿದ್ದವು.

ನೀಲವ್ವನ ಹಲಗೆಯಲ್ಲಿ ಒಂದೂ ದೀಪ ಹತ್ತಲಿಲ್ಲ.

ಅವಳು ಒಂದನೆಯ ಇಯತ್ತೆಯ ಹುಡುಗಿ. ಆಗ ಹಳೆಯ ಹೆಸರುಗಳಿಗೆ ಮತ್ತೆ ಕಾಲ ಬಂದಿತ್ತು. ಐಶ್ವರ್ಯಾ, ಪೂಜಾ ಎಂಬ ಹೆಸರಿನವರೆಲ್ಲ ತಾಯಂದಿರೂ ಅಜ್ಜಿಯರೂ ಆಗಿ, ಮನೆಯ ಮಕ್ಕಳಿಗೆ ನೀಲವ್ವ, ಹೊನ್ನವ್ವ ಎಂದು ಹೆಸರಿಟ್ಟು ಖುಷಿಪಡುತ್ತಿದ್ದರು. ನೀಲವ್ವನ ಅಪ್ಪ ಹಿನ್ನೀರಿನ ಮೇಲೆ ತೇಲುವ ಸೌರಫಲಕಗಳನ್ನು ತೊಳೆಯುವ ಕೆಲಸಕ್ಕಿದ್ದ. ಶಾಲೆಯ ಗೋಡೆ ಹತ್ತಿ ಬಿದ್ದು ಮುಂಗೈ ಮುರಿದುಕೊಂಡಿದ್ದ ಅವಳನ್ನು ಅವ್ವ ಐಶ್ವರ್ಯಾ ಎತ್ತಿಕೊಂಡು ಬಂದಿದ್ದಳು.

ಮಕ್ಕಳ ವಾರ್ಡಿನ ಮುಖ್ಯ ವೈದ್ಯೆ ಮೇಘನಾ ಹಂಚಿನಾಳ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಒರೆಸಿ ಮತ್ತೆ ನೋಡಿದಳು.

"ಈಕಿಗೆ ಒಂದೂ ಹಾಕ್ಸಿಲ್ಲೇನು?" ಎಂದು ಕೇಳಿದಳು.

ಐಶ್ವರ್ಯಾಳ ಮುಖ ಬಿಗಿಯಿತು. "ಹಂಗ್ಯಾಕ ಕೇಳ್ತೀರಿ ಮೇಡಂ? ಹುಟ್ಟಿದಾಗಿಂದ ಒಂದೂ ತಪ್ಪಿಸಿಲ್ಲ. ಇದ ಆಸ್ಪತ್ರಿಯೊಳಗೂ ಹಾಕ್ಸೇನಿ. ಬೇಕಾದ್ರ ಆ ಸಿಸ್ಟರನ್ನ ಕೇಳ್ರಿ."

ಸಿಸ್ಟರ್ ದೀಪ್ತಿ ಪ್ಲಾಸ್ಟರಿನ ಬಟ್ಟೆ ನೆನೆಸುತ್ತಿದ್ದವಳು ತಲೆಯೆತ್ತಿದಳು. "ಖರೇ ಐತ್ರಿ ಮೇಡಂ. ಹೋದ ವರ್ಷ ಕಿವಿ ನೋವಂತ ಬಂದಿದ್ರು. ಆವಾಗ ದೀಪ ಎಲ್ಲಾ ಹತ್ತಿದ್ವು. ನನಗ ಚಲೋ ನೆನಪೈತಿ."

ಹಾಗಾದರೆ ಹಲಗೆಯೇ ಕೆಟ್ಟಿರಬೇಕು ಎಂದುಕೊಂಡಳು ಮೇಘನಾ. ಬೇಸಿಗೆಯ ಧೂಳಿಗೆ, ಸೆಕೆಗೆ ಅವು ಆಗೀಗ ಕೈಕೊಡುತ್ತಿದ್ದವು. ಹೊಸ ಹಲಗೆಗಳು ಮರುದಿನ ಬರುವುದಿತ್ತು. ಕತ್ತಲು ಕಂಡರೆ ಸೂಜಿ ಹಾಕಲೇಬೇಕು ಎಂಬ ನಿಯಮ ಅವಳಿಗೆ ಗೊತ್ತಿತ್ತು. ಆದರೆ ಹುಡುಗಿ ಅತ್ತೂ ಅತ್ತೂ ಬಿಕ್ಕಳಿಸುತ್ತಿದ್ದಳು, ಮೈ ಬೆಚ್ಚಗಾಗಿತ್ತು. ಎಲ್ಲ ಆಗಿರುವ ಮಗುವಿಗೆ ಮತ್ತೆ ಸಾಲಾಗಿ ಚುಚ್ಚುವುದು ಯಾಕೆ?

"ಇವತ್ತ ಬ್ಯಾಡ ಬಿಡ್ರಿ," ಎಂದಳು. "ಪಾಪ, ಸುಸ್ತಾಗ್ಯಾಳ, ಮೈನೂ ಬೆಚ್ಚಗೈತಿ. ಪ್ಲಾಸ್ಟರ್ ಬಿಚ್ಚಾಕ ಬರ್ತೀರಲ್ಲ, ಆವಾಗ ಹೊಸಾ ಹಲಗಿ ಮ್ಯಾಲೆ ನೋಡೋಣು."

ದೀಪ್ತಿ ಒಂದು ಕ್ಷಣ ಅವಳ ಮುಖ ನೋಡಿ, ಲಸಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಐಶ್ವರ್ಯಾ ಸಮಾಧಾನದಿಂದ ಮಗಳನ್ನು ಹೆಗಲಿಗೇರಿಸಿಕೊಂಡು ಹೋದಳು.

ಆ ಸಂಜೆ ಮೇಘನಾ ಮನೆಗೆ ಹೋದಾಗ ಅವಳ ಗಂಡ ಶ್ರೀಶೈಲ ಬೇಕರಿಯಿಂದ ಆಗಲೇ ಬಂದಿದ್ದ. ಅವನ ಅಂಗಿಯಿಂದ ಸುಟ್ಟ ಬೆಣ್ಣೆಯ ವಾಸನೆ ಬರುತ್ತಿತ್ತು. ಅತ್ತೆ ಪೂಜಾ ರೊಟ್ಟಿ ಬಡಿಯುತ್ತಿದ್ದರು. ಐದು ವರ್ಷದ ಮಗಳು ಹೊನ್ನವ್ವ ಅಜ್ಜಿಯ ಪಕ್ಕ ಕುಳಿತು ಹಿಟ್ಟಿನ ಗೊಂಬೆ ಮಾಡುತ್ತಿದ್ದಳು.

"ಇವತ್ತ ಒಂದು ಹುಡುಗಿ ಹಲಗಿ ಪೂರಾ ಕತ್ತಲಿತ್ತು," ಎಂದು ಮೇಘನಾ ಮಾತಿನ ನಡುವೆ ಹೇಳಿದಳು. "ಹಲಗಿ ಕೆಟ್ಟೈತಿ ಕಾಣಸ್ತೈತಿ."

"ನಿಮ್ಮ ಮಶೀನೂ ನಮ್ಮ ಓವನ್ ಇದ್ದಂಗ," ಎಂದು ಶ್ರೀಶೈಲ ನಕ್ಕ. "ಬ್ಯಾಸಗಿ ಬಂದ್ರ ತಲಿ ಕೆಡತಾವ."

ಪೂಜಾ ಬೇರೆಯದೇ ಮಾತು ತೆಗೆದರು. ಓಣಿಯ ಮಕ್ಕಳಿಗೆಲ್ಲ ಹೂಜ್ವರ ಬಂದು ಹೋಯಿತಂತೆ. ಒಂದು ದಿನ ಮೈ ಬಿಸಿ, ಕೆನ್ನೆಯ ಮೇಲೆ ತಿಳಿಗೆಂಪು ಕಲೆ. ಮರುದಿನ ಮಗು ಎದ್ದು ಓಡಾಡಿಕೊಂಡಿರುತ್ತದೆ. ಹೊನ್ನವ್ವನಿಗೂ ಹಿಂದಿನ ತಿಂಗಳು ಬಂದಿತ್ತು. ಇಷ್ಟು ಸಣ್ಣದಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಕಲೆ ಹೂವಿನ ಎಸಳಿನಂತೆ ಕಂಡಿದ್ದಕ್ಕೆ ಹೆಂಗಸರೇ ಅದಕ್ಕೆ ಆ ಹೆಸರಿಟ್ಟಿದ್ದರು. ಕೆಲವರಂತೂ ಮಗು ಅದರಿಂದ ಚೆಂದ ಕಾಣುತ್ತದೆ ಎಂದು ಫೋಟೋ ತೆಗೆದಿಟ್ಟುಕೊಂಡಿದ್ದರು.

ಹೊಸ ಹಲಗೆಗಳು ಬಂದವು. ಅವುಗಳಲ್ಲೂ ಕತ್ತಲು ಕಂಡಿತು. ಮೊದಲು ಸುಟ್ಟ ಗಾಯಕ್ಕೆ ಬಂದ ಮಗು, ಆಮೇಲೆ ಭೇದಿಗೆ ಬಂದ ಅವಳಿ ಮಕ್ಕಳು, ಆಮೇಲೆ ಕನ್ನಡಕಕ್ಕೆಂದು ಬಂದ ಹುಡುಗಿ. ಎಲ್ಲರ ತಾಯಂದಿರೂ ಐಶ್ವರ್ಯಾ ಹೇಳಿದ್ದನ್ನೇ ಹೇಳಿದರು: ಒಂದೂ ತಪ್ಪಿಸಿಲ್ಲ.

ಮೇಘನಾ ಹಲಗೆಗಳನ್ನು ಎತ್ತಿಕೊಂಡು ಮಹಡಿಯ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ರೋಗಾಣು ತಜ್ಞ ಇರ್ಫಾನ್ ಮಕಾನದಾರ ಗೋಡೆಯಗಲದ ತೆರೆಯ ಮುಂದೆ ಕುಳಿತಿದ್ದ. ಕಾಲೇಜಿನ ದಿನಗಳಿಂದಲೂ ಇಬ್ಬರೂ ಜೊತೆಗಾರರು. ಜಿಲ್ಲೆಯ ಎಲ್ಲ ಆಸ್ಪತ್ರೆಗಳ ಹಲಗೆಗಳೂ ತಾವು ಕಂಡದ್ದನ್ನು ಆ ತೆರೆಗೆ ಕಳಿಸುತ್ತಿದ್ದವು.

"ನಿನ್ನ ಬೆರಳು ಕೊಡು," ಎಂದ ಇರ್ಫಾನ್.

ಮೇಘನಾ ಬೆರಳು ಚುಚ್ಚಿಕೊಂಡಳು. ಹಲಗೆಯಲ್ಲಿ ದೀಪಗಳು ಸಾಲಾಗಿ ಹತ್ತಿದವು. ಅವನೂ ಚುಚ್ಚಿಕೊಂಡ. ಅವನವೂ ಹತ್ತಿದವು. ಅದೇ ಪೆಟ್ಟಿಗೆಯ, ಅದೇ ದಿನ ಬಂದ ಹಲಗೆಗಳು.

"ಅಂದ್ರ ಹಲಗಿ ಸರಿ ಅದಾವು," ಎಂದಳು ಮೇಘನಾ.

ಇರ್ಫಾನ್ ತೆರೆಯ ಮೇಲೆ ಜಿಲ್ಲೆಯ ನಕ್ಷೆ ತೆಗೆದ. ಕತ್ತಲ ಹಲಗೆ ಸಿಕ್ಕ ಕಡೆಗೆಲ್ಲ ಒಂದೊಂದು ಕಪ್ಪು ಚುಕ್ಕೆ ಬೀಳುವಂತೆ ಮಾಡಿದ. ಹಿನ್ನೀರಿನ ಎರಡೂ ದಂಡೆಗೆ ಚುಕ್ಕೆಗಳು ಇರುವೆ ಮುತ್ತಿದಂತೆ ಮುತ್ತಿಕೊಂಡವು.

"ಇಷ್ಟು ಮಂದಿ?" ಎಂದಳು.

"ಎಲ್ಲಾ ಕಡೆನೂ ನಮ್ಮಂಗ ಆಗೇತಿ. ಹಲಗಿ ಕೆಟ್ಟೈತಿ ಅಂತ ತಿಳಕೊಂಡು ಮಕ್ಕಳನ್ನ ಮನಿಗೆ ಕಳ್ಸ್ಯಾರ."

ಮುಂದಿನ ದಿನಗಳಲ್ಲಿ ಇರ್ಫಾನ್ ಪ್ರಯೋಗಾಲಯ ಬಿಟ್ಟು ಕದಲಲಿಲ್ಲ. ಆ ಮಕ್ಕಳ ರಕ್ತದಲ್ಲಿ ಅವನಿಗೆ ಒಂದು ವೈರಾಣು ಸಿಕ್ಕಿತು. ದಡಾರದ ಬಳಗದ್ದು. ದಡಾರ ಬಂದು ಹೋದ ಮಗುವಿನ ಮೈ ಹಳೆಯ ರೋಗಗಳ ನೆನಪನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ ಎಂಬುದು ವೈದ್ಯರಿಗೆ ಹಿಂದಿನಿಂದಲೂ ತಿಳಿದಿತ್ತು. ಇದು ಅದರ ಹೊಸ ತಮ್ಮ. ಹೊರಗೆ ಮೆತ್ತಗೆ, ಒಳಗೆ ನಿರ್ದಯಿ. ನೆನಪಿನ ಕಣಗಳನ್ನೇ ಹುಡುಕಿ ಹುಡುಕಿ ಕೊಲ್ಲುತ್ತಿತ್ತು. ದೊಡ್ಡವರನ್ನು ಯಾಕೆ ಬಿಟ್ಟಿತು ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

"ಕಳ್ಳ ಬಂದು ಮನಿ ಸಾಮಾನೆಲ್ಲಾ ಹೊತ್ತೊಯ್ದು, ಬಾಗಿಲಾ ಮದಲಿನಂಗ ಹಾಕಿಟ್ಟು ಹೋದಂಗ," ಎಂದ ಇರ್ಫಾನ್. "ಮನ್ಯಾಗ ಇದ್ದವರಿಗೆ ಗೊತ್ತ ಆಗಿಲ್ಲ."

"ಅದರ ಲಕ್ಷಣ ಏನು?"

"ಒಂದು ದಿನದ ಜ್ವರ. ಕೆನ್ನಿ ಮ್ಯಾಲೆ ಕೆಂಪು ಕಲಿ."

ಮೇಘನಾಳ ಕಣ್ಣ ಮುಂದೆ ಬಂದದ್ದು ನಕ್ಷೆಯ ಚುಕ್ಕೆಗಳಲ್ಲ, ಹಿಟ್ಟಿನ ಗೊಂಬೆ ಮಾಡುತ್ತಿದ್ದ ತನ್ನ ಮಗಳ ಕೆನ್ನೆ.

ಅಂದೇ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಹೋಯಿತು. ಕತ್ತಲ ಹಲಗೆಯ ಮಕ್ಕಳನ್ನು ವಾಪಸು ಕರೆಸಿ ಎಲ್ಲ ಲಸಿಕೆಗಳನ್ನೂ ಮೊದಲಿನಿಂದ ಹಾಕಿ ಎಂದು. ಮೇಘನಾ ತಾನು ಕಳಿಸಿಬಿಟ್ಟ ಮಕ್ಕಳ ಮನೆಗಳಿಗೆ ತಾನೇ ಫೋನ್ ಮಾಡಿದಳು. ಮೊದಲ ಕರೆ ಐಶ್ವರ್ಯಾಳಿಗೆ.

ಐಶ್ವರ್ಯಾ ಕುಷ್ಟಗಿಯ ಕಡೆ ತಂಗಿಯ ಮನೆಯಲ್ಲಿದ್ದಳು. ತೊಟ್ಟಿಲ ಕಾರ್ಯಕ್ರಮವಂತೆ, ಹಿಂದೆ ಗದ್ದಲ ಕೇಳುತ್ತಿತ್ತು. "ಆರಾಮ ಅದಾಳ ಮೇಡಂ, ಒಂದ ಕೈಲೇ ಎಲ್ಲಾರನ್ನೂ ಬಡಿಯಾಕತ್ಯಾಳ," ಎಂದಳು. "ಹೆಂಗೂ ಪ್ಲಾಸ್ಟರ್ ಬಿಚ್ಚಾಕ ಬರೋದೈತಲ್ರಿ."

"ಅಲ್ಲೀ ಮಟ ಕಾಯಬ್ಯಾಡ್ರಿ. ಅಲ್ಲೇ ಹತ್ರದ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ. ಇವತ್ತ ಹೋಗ್ರಿ."

"ಅಂಥಾದ್ದೇನಾಗೇತ್ರಿ?" ಐಶ್ವರ್ಯಾಳ ದನಿ ಇಳಿಯಿತು.

ಏನೆಂದು ಹೇಳುವುದು? ನಿಮ್ಮ ಮಗಳ ಮೈ ಎಲ್ಲವನ್ನೂ ಮರೆತಿದೆ ಎಂದರೆ ಆ ಹೆಂಗಸಿಗೆ ಏನು ತಿಳಿದೀತು? "ಮದಲ ಹಾಕಿದ್ದು ಹಿಡದಿಲ್ಲರೀ. ಮತ್ತ ಹಾಕಬೇಕು," ಎಂದಷ್ಟೇ ಹೇಳಿದಳು.

"ಆತ್ರಿ, ಹೋಗ್ತೀನಿ."

ಸಂಜೆ ಮನೆಗೆ ಹೋಗುವಾಗ ಮೇಘನಾ ಚೀಲದಲ್ಲಿ ಒಂದು ಹಲಗೆ ಹಾಕಿಕೊಂಡಳು. ಮನೆಗೆ ಹೋಗಿ ಚೀಲವನ್ನು ಕಪಾಟಿನ ಮೇಲಿಟ್ಟಳು. ಊಟವಾಗಲಿ ಎಂದುಕೊಂಡಳು. ಊಟವಾಯಿತು. ಹೊನ್ನವ್ವ ಆಡಿಕೊಂಡಿದ್ದಾಳೆ, ಮುಗಿಸಲಿ ಎಂದುಕೊಂಡಳು. ಮರುದಿನ ಬೆಳಿಗ್ಗೆಯೂ ಚೀಲ ಅಲ್ಲೇ ಇತ್ತು. ಊರ ತಾಯಂದಿರಿಗೆಲ್ಲ ಇವತ್ತೇ ಬನ್ನಿ ಎಂದು ಫೋನಿನಲ್ಲಿ ಹೇಳುತ್ತಿದ್ದವಳು ತನ್ನ ಮಗಳ ಬೆರಳಿಗೆ ಮಾತ್ರ ಕೈ ಹಚ್ಚಲಾರದೆ ಹೋದಳು. ನೋಡದೆ ಇರುವವರೆಗೂ ದೀಪಗಳು ಹತ್ತಿಯೇ ಇವೆ ಎಂದುಕೊಳ್ಳಬಹುದಿತ್ತು.

ಶ್ರೀಶೈಲನೇ ಚೀಲ ಇಳಿಸಿ ಅವಳ ಮುಂದಿಟ್ಟ. "ನನಗ ಎಲ್ಲಾ ತಿಳಿಯೂದಿಲ್ಲ, ಆದ್ರ ನಿನ್ನ ಮಾರಿ ತಿಳೀತೈತಿ. ಯಾಕ ತಡಾ ಮಾಡಾಕತ್ತಿ?"

"ಅಂಜಿಕಿ ಆಗಾಕತ್ತೈತಿ."

"ನನಗೂ ಆಗಾಕತ್ತೈತಿ. ನಾ ಹಿಡ್ಕೊತೀನಿ, ನೀ ಚುಚ್ಚು."

ಹೊನ್ನವ್ವ ಅಪ್ಪನ ತೊಡೆಯ ಮೇಲೆ ಕುಳಿತು ತಾನೇ ಬೆರಳು ಮುಂದೆ ಮಾಡಿದಳು. ಹನಿ ಗಾಜಿನ ಮೇಲೆ ಹರಡಿತು. ಮೂವರು ದೊಡ್ಡವರೂ ಒಂದು ಮಗುವೂ ಬಗ್ಗಿ ನೋಡುತ್ತ ಕುಳಿತರು. ಒಂದು ದೀಪ ಮಿಣುಕು ಮಿಣುಕೆಂದು ಹತ್ತಿ ಆರಿತು. ಮಿಕ್ಕಲ್ಲೆಲ್ಲ ಕತ್ತಲು.

"ಅವ್ವಾ, ನನ್ನವು ಯಾಕ ಹತ್ತವಲ್ಲವು?" ಎಂದು ಕೇಳಿದಳು ಹೊನ್ನವ್ವ.

ಪೂಜಾ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದರು. ಹೂಜ್ವರ ಬಂದ ದಿನ ಮೊಮ್ಮಗಳಿಗೆ ದೃಷ್ಟಿ ತೆಗೆದು, ಏನೂ ಆಗಲ್ಲ ಎಂದು ಹೇಳಿದವರು ಅವರೇ.

ಅಂದೇ ಹೊನ್ನವ್ವನಿಗೆ ಸೂಜಿಗಳು ಬಿದ್ದವು. ಆದರೆ ಲಸಿಕೆ ಹಾಕಿದ ಕೂಡಲೇ ನೆನಪು ಹುಟ್ಟುವುದಿಲ್ಲ. ಮೈ ಹೊಸದಾಗಿ ಪಾಠ ಕಲಿಯಲು ಎರಡು ವಾರವಾದರೂ ಬೇಕು. ಆ ಎರಡು ವಾರ ಮಗು ಬಾಗಿಲಿಲ್ಲದ ಮನೆಯ ಹಾಗೆ. ಶಾಲೆ ಬಿಡಿಸಿದರು. ಬೇಕರಿಯಿಂದ ಬಂದ ಶ್ರೀಶೈಲ ಸ್ನಾನ ಮಾಡದೆ ಮಗಳನ್ನು ಮುಟ್ಟುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಪೂಜಾ ಕಿಟಕಿ ಹಾಕುತ್ತಿದ್ದರು. ಊರಿನ ಎಷ್ಟೋ ಮನೆಗಳಲ್ಲಿ ಹೀಗೇ ನಡೆದಿತ್ತು. ಆಡುವ ಮಕ್ಕಳಿಲ್ಲದೆ ಓಣಿಗಳು ಬಿಕೋ ಎನ್ನುತ್ತಿದ್ದವು.

ಮೇಘನಾಳ ಭಯಕ್ಕೆ ಕಾರಣವಿತ್ತು. ಹಳೆಯ ರೋಗಗಳು ಸತ್ತಿಲ್ಲ, ಎಲ್ಲೋ ಯಾರದೋ ಗಂಟಲಲ್ಲಿ ಸುಮ್ಮನೆ ಕುಳಿತಿರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಲಸಿಕೆ ಪಡೆದ ಮಕ್ಕಳ ನಡುವೆ ಅವು ಹೆಜ್ಜೆ ಇಡಲಾರವು, ಅಷ್ಟೇ. ಈಗ ಅವುಗಳ ದಾರಿಗೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ.

ಐಶ್ವರ್ಯಾ ಒಂದು ಮಧ್ಯಾಹ್ನ ಬಂದಳು. ಪ್ಲಾಸ್ಟರ್ ಬಿಚ್ಚುವ ದಿನ ಇನ್ನೂ ಬಂದಿರಲಿಲ್ಲ. ಹೊರಗೆ ಕಾಯುವವರ ಸಾಲಿನಲ್ಲಿ ಕೂರದೆ ನೇರ ಒಳಗೆ ನುಗ್ಗಿದಳು. ನೀಲವ್ವನ ತಲೆ ಅವ್ವನ ಹೆಗಲ ಮೇಲೆ ಜೋತುಬಿದ್ದಿತ್ತು. ಕುತ್ತಿಗೆ ಎರಡೂ ಕಡೆ ಉಬ್ಬಿ ಗದ್ದಕ್ಕೆ ಕೂಡಿಕೊಂಡಿತ್ತು. ಉಸಿರೆಳೆದಾಗಲೆಲ್ಲ ಗರಗಸ ಎಳೆದಂಥ ಸದ್ದು.

"ಗಂಟಲ ನೋವು ಅಂದ್ಲ್ರಿ. ನಿನ್ನಿಯಿಂದ ನೀರೂ ಇಳಿಯವಲ್ದು," ಎಂದಳು ಐಶ್ವರ್ಯಾ.

ದೀಪ್ತಿ ಮಗುವಿನ ಬಾಯಿ ತೆರೆಸಿ ದೀಪ ಹಿಡಿದಳು. ಮೇಘನಾ ಬಗ್ಗಿ ನೋಡಿದಳು. ಗಂಟಲ ಗೋಡೆಯ ಮೇಲೆ ಬೂದು ಬಣ್ಣದ ದಪ್ಪ ಪೊರೆ. ಕೊಳೆತ ವಾಸನೆ. ಅಂಥದ್ದನ್ನು ಅವಳು ಪುಸ್ತಕದ ಚಿತ್ರಗಳಲ್ಲಿ ಮಾತ್ರ ನೋಡಿದ್ದಳು.

"ಗಂಟಲುಮಾರಿ," ಎಂದಳು ಮೇಘನಾ ಮೆಲ್ಲಗೆ. ಆಮೇಲೆ ಐಶ್ವರ್ಯಾಳ ಕಡೆ ತಿರುಗಿ, "ಅವತ್ತ ಹೇಳಿದ್ನಲ್ರಿ. ಆಸ್ಪತ್ರಿಗೆ ಹೋಗಿದ್ರೋ ಇಲ್ಲೋ?" ಎಂದು ಕೇಳಿದಳು.

"ಹೋಗಿದ್ದೆ. ಅವತ್ತ ಸಂಜೀಮುಂದ ಹೋಗಿದ್ದೆ," ಎಂದಳು ಐಶ್ವರ್ಯಾ. "ಅಕಿಗೆ ನೆಗಡಿ ಆಗಿತ್ತು, ಮೈ ಸಲುಪ ಬಿಸಿ ಇತ್ತು. ಅಲ್ಲಿ ಡಾಕ್ಟರು, ಜ್ವರ ಇದ್ದಾಗ ಬ್ಯಾಡ, ಇಳಿದ ಮ್ಯಾಲೆ ಕರ್ಕೊಂಡು ಬರ್ರಿ ಅಂದ್ರು. ನೀವೂ ಅವತ್ತ ಹಂಗ ಅಂದಿದ್ರಿ. ಹಂಗಾಗಿ ನಾನೂ ಖರೇ ಅಂದ್ಕೊಂಡೆ."

ಮೇಘನಾ ಮಗುವನ್ನು ಅವಳ ಹೆಗಲಿಂದ ಎತ್ತಿಕೊಂಡಳು.

ನೀಲವ್ವನನ್ನು ಬೇರೆ ಕೋಣೆಗೆ ಒಯ್ದರು. ಗಂಟಲುಮಾರಿಯ ರೋಗಾಣು ಮೈಯೊಳಗೆ ಒಂದು ವಿಷ ಬಿಡುತ್ತದೆ. ಆ ವಿಷವನ್ನು ಕೊಲ್ಲುವ ಔಷಧ ಜಿಲ್ಲೆಯಲ್ಲೆಲ್ಲೂ ಇರಲಿಲ್ಲ. ಬಹಳ ವರ್ಷಗಳಿಂದ ಯಾರಿಗೂ ಬೇಕಾಗಿರಲಿಲ್ಲ, ಹಾಗಾಗಿ ಯಾರೂ ಇಟ್ಟಿರಲಿಲ್ಲ. ಇರ್ಫಾನ್ ರಾಜಧಾನಿಯ ಉಗ್ರಾಣದಲ್ಲಿ ಒಂದಿಷ್ಟು ಇದೆ ಎಂದು ಪತ್ತೆ ಹಚ್ಚಿ ಡ್ರೋನಿನಲ್ಲಿ ತರಿಸಲು ಓಡಾಡಿದ.

ಸುದ್ದಿ ಹೇಗೋ ಹೊರಗೆ ಕಾಯುತ್ತಿದ್ದವರ ಕಿವಿಗೆ ಬಿತ್ತು. ಒಬ್ಬಳು ಮಗುವನ್ನು ಎತ್ತಿಕೊಂಡು ಬಾಗಿಲ ಕಡೆ ಓಡಿದಳು. ಅವಳ ಹಿಂದೆ ಇನ್ನೊಬ್ಬರು. ವಾರ್ಡಿನ ಒಳಗಿದ್ದವರೂ ಸಲೈನಿನ ನಳಿಕೆ ಕಿತ್ತು ಮಕ್ಕಳನ್ನು ಎತ್ತಿಕೊಳ್ಳತೊಡಗಿದರು. ಮೇಘನಾ ಓಡಿ ಹೋಗಿ ದೊಡ್ಡ ಬಾಗಿಲಲ್ಲಿ ಅಡ್ಡ ನಿಂತಳು.

"ದಾರಿ ಬಿಡ್ರಿ ಮೇಡಂ," ಎಂದ ಒಬ್ಬ ಮಧ್ಯವಯಸ್ಸಿನ ಗಂಡಸು. ಅವನ ತೋಳಿನಲ್ಲಿ ಮೊಮ್ಮಗ ಅಳುತ್ತಿದ್ದ. "ಇಲ್ಲಿದ್ರ ಕೂಸಿಗೆ ರೋಗ ಹತ್ತತೈತಿ."

"ಹೋಗ್ರಿ, ನಾ ಹಿಡಿಯೂದಿಲ್ಲ. ಸೂಜಿ ಮಾಡಿಸ್ಕೊಂಡು ಹೋಗ್ರಿ."

"ಇವನಿಗೆ ಎಲ್ಲಾ ಆಗೇತ್ರಿ. ಅದೂ ಅಲ್ದ ಮೈಯಾಗ ಜ್ವರ ಐತಿ. ಜ್ವರದಾಗ ಹಾಕಬಾರ್ದಂತ ನೀವ ಹೇಳ್ತಿದ್ರಿ."

"ಹೇಳಿದ್ದು ತಪ್ಪು," ಎಂದಳು ಮೇಘನಾ. ನುಗ್ಗುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು. "ಇಂಥಾ ಸಣ್ಣ ಜ್ವರದಾಗೂ ಹಾಕಬಹುದು. ಒಳಗಿರೋ ಹುಡುಗಿಗೂ ನಾ ಹಾಕಬೇಕಿತ್ತು. ಸುಸ್ತಾಗ್ಯಾಳಂತ ಮನಿಗೆ ಕಳಿಸಿದೆ. ಈಗ ಅಕಿಗೆ ಉಸಿರು ಸಿಗವಲ್ದು. ನಿಮ್ಮನ್ನ ಹಂಗ ಕಳಿಸೂದಿಲ್ಲ."

ಆ ಮನುಷ್ಯ ಮೊಮ್ಮಗನನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡುತ್ತ ನಿಂತ. ಕೊನೆಗೆ ಮಗುವಿನ ತೋಳಿನ ಅಂಗಿ ಮೇಲೆತ್ತಿ ಹಿಡಿದ. ಬಾಗಿಲಲ್ಲೇ ಮೇಜು ಹಾಕಿಸಿ ದೀಪ್ತಿಯೂ ಮೇಘನಾಳೂ ಸೂಜಿ ಹಾಕತೊಡಗಿದರು. ಕೆಲವರು ಹಿಂದಿನ ಗೋಡೆ ಹಾರಿ ಹೋದರು. ಉಳಿದವರು ಸಾಲು ನಿಂತರು.

ಔಷಧ ಬಂತು. ಒಂದೆರಡು ದಿನಗಳಲ್ಲಿ ನೀಲವ್ವನ ಕುತ್ತಿಗೆಯ ಉಬ್ಬು ಇಳಿಯಿತು. ಪೊರೆ ಸುರುಟಿ ಬಿಡತೊಡಗಿತು. ಗಾಜಿನ ಆಚೆಯಿಂದ ಐಶ್ವರ್ಯಾ ಕೈ ಬೀಸಿದರೆ ಅವಳು ಪ್ಲಾಸ್ಟರಿನ ಕೈ ಎತ್ತಿ ತೋರಿಸುತ್ತಿದ್ದಳು. ಒಂದು ದಿನ ಗಂಜಿ ಕುಡಿದಳು. ದೀಪ್ತಿಗೆ ನಗು ಬಂತು. ಮೇಘನಾಳಿಗೆ ಮಾತ್ರ ನಗು ಬರಲಿಲ್ಲ. ಈ ರೋಗ ಗಂಟಲು ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವಳು ಓದಿದ್ದಳು. ಔಷಧ ಬರುವಷ್ಟರಲ್ಲಿ ಮೈಯಲ್ಲಿ ಬೆರೆತ ವಿಷ ಎದೆಗೆ ಇಳಿಯುತ್ತದೆ.

ಅವಳು ಮನೆಗೆ ಹೋಗುವುದನ್ನು ಬಿಟ್ಟಿದ್ದಳು. ಹೊನ್ನವ್ವನ ಎರಡು ವಾರ ಇನ್ನೂ ತುಂಬಿರಲಿಲ್ಲ. ತನ್ನ ಉಸಿರಿನಲ್ಲೋ ಬಟ್ಟೆಯಲ್ಲೋ ಆ ರೋಗಾಣುವನ್ನು ಮನೆಗೆ ಹೊತ್ತೊಯ್ದರೆ ಎಂಬ ಭಯಕ್ಕೆ ಆಸ್ಪತ್ರೆಯಲ್ಲೇ ಮಲಗುತ್ತಿದ್ದಳು. ಶ್ರೀಶೈಲ ದಿನಾ ಫೋನಿನಲ್ಲಿ ಮಗಳ ಮುಖ ತೋರಿಸುತ್ತಿದ್ದ. ಮೇಘನಾ ಮಗಳಿಗೆ ಬಾಯಿ ತೆಗೆ ಎನ್ನುತ್ತಿದ್ದಳು. ಆ ಅಂತೆನ್ನು, ಇನ್ನೂ ದೊಡ್ಡದಾಗಿ ಎನ್ನುತ್ತಿದ್ದಳು. ಹೊನ್ನವ್ವ ಅದನ್ನೊಂದು ಆಟವೆಂದು ತಿಳಿದು ನಾಲಿಗೆ ಚಾಚುತ್ತಿದ್ದಳು.

ಒಂದು ಬೆಳಿಗ್ಗೆ, ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿದ್ದಾಗ, ನೀಲವ್ವ ಎದ್ದು ಕೂರಲು ಹೋದಳು. ತುಟಿ ನೀಲಿಯಾಯಿತು. ಎದೆಬಡಿತ ತೋರಿಸುವ ಗೆರೆ ಅಡ್ಡಾದಿಡ್ಡಿ ಓಡಿತು. ಮೇಘನಾ ಎರಡೂ ಕೈಯಿಂದ ಆ ಪುಟ್ಟ ಎದೆಯನ್ನು ಒತ್ತಿದಳು. ದೀಪ್ತಿ ಇನ್ನು ಬಿಡಿ ಎಂದರೂ ಒತ್ತಿದಳು. ಇರ್ಫಾನ್ ಬಂದು ಹೆಗಲು ಹಿಡಿದು ಅವಳನ್ನು ಹಿಂದಕ್ಕೆ ಸರಿಸಿದ.

ಐಶ್ವರ್ಯಾ ಅಳಲಿಲ್ಲ. ಗಂಡ ನೆಲದ ಮೇಲೆ ಕುಸಿದು ಕುಳಿತಿದ್ದ. ಅವಳು ಮೇಘನಾಳ ಮುಂದೆ ಬಂದು ನಿಂತಳು.

"ಕೈ ಮುರದಾಗ ಬಂದಿದ್ವಲ್ಲ, ಅವತ್ತ ಸೂಜಿ ಹಾಕಿದ್ರ ಉಳೀತಿದ್ಲೇನ್ರಿ?"

ಯಂತ್ರ ಕೆಟ್ಟಿದೆ ಎಂದುಕೊಂಡೆ, ಯಾರಿಗೂ ಗೊತ್ತಿರಲಿಲ್ಲ, ಎಲ್ಲ ಕಡೆಯೂ ಹೀಗೇ ಆಗಿದೆ. ಇಷ್ಟೂ ಮಾತು ಮೇಘನಾಳ ನಾಲಿಗೆಯ ತುದಿಗೆ ಬಂದವು. ಎಲ್ಲವೂ ನಿಜವೇ.

"ಖಾತ್ರಿ ಹೇಳಾಕ ಬರೂದಿಲ್ಲ," ಎಂದಳು. "ಆದ್ರ ಉಳಿಯೋ ಸಾಧ್ಯತಾ ಭಾಳ ಇತ್ತು."

ಐಶ್ವರ್ಯಾ ತಲೆಯಾಡಿಸಿದಳು, ಬಹಳ ದಿನದಿಂದ ತಿಳಿದಿದ್ದ ಮಾತೊಂದನ್ನು ಯಾರೋ ಬಾಯಿಬಿಟ್ಟು ಹೇಳಿದಂತೆ. ಆಮೇಲೆ ಗಂಡನನ್ನು ಎಬ್ಬಿಸಲು ಹೋದಳು.

ಆ ಬೇಸಿಗೆಯಲ್ಲಿ ಹಿನ್ನೀರಿನ ಊರುಗಳಲ್ಲಿ ಇನ್ನೂ ಕೆಲವು ಮಕ್ಕಳು ತೀರಿಕೊಂಡವು. ಹೆಚ್ಚಿನವು ಉಳಿದವು. ಹಲ್ಲಿನ ವೈದ್ಯರು, ಕಣ್ಣಿನ ವೈದ್ಯರು, ಮೂಳೆ ಕಟ್ಟುವವರು, ಯಾರ ಬಾಗಿಲಿಗೆ ಮಗು ಬಂದರೂ ಹಲಗೆ ನೋಡಿ ಅಲ್ಲೇ ಸೂಜಿ ಹಾಕಿದರು. ಇರ್ಫಾನನ ತೆರೆಯ ಮೇಲಿನ ಕಪ್ಪು ಚುಕ್ಕೆಗಳು ಒಂದೊಂದಾಗಿ ಹಸಿರಾಗುತ್ತ ಬಂದವು. ಒಂದು ದಿನ ಹೊನ್ನವ್ವನ ಹಲಗೆಯಲ್ಲೂ ಗಂಟಲುಮಾರಿಯ ದೀಪ ನಿಚ್ಚಳವಾಗಿ ಹತ್ತಿತು. ಶ್ರೀಶೈಲ ಮಗಳನ್ನು ಎತ್ತಿ ಗಿರಗಿರನೆ ತಿರುಗಿಸಿದ. ಮೇಘನಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಅದರಲ್ಲಿ ಸಂತೋಷ ಎಷ್ಟು, ಬೇರೆಯದು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

ಮಳೆ ಹಿಡಿದ ಮೇಲೆ ಐಶ್ವರ್ಯಾ ಮತ್ತೆ ಬಂದಳು. ಈ ಸಲ ತೋಳಿನಲ್ಲಿ ಒಂದು ಗಂಡುಕೂಸು ಇತ್ತು, ನೀಲವ್ವನ ತಮ್ಮ. ಇಷ್ಟು ದಿನ ಅಜ್ಜಿಯ ಹತ್ತಿರ ಇದ್ದದ್ದು. ಕಿವಿ ಸೋರುತ್ತಿದೆ ಎಂದು ಕರೆತಂದಿದ್ದಳು. ಮೇಘನಾ ಕಿವಿ ನೋಡಿದಳು, ಔಷಧ ಹೇಳಿದಳು. ಹಲಗೆಯಲ್ಲಿ ಕತ್ತಲಿತ್ತು; ಹೂಜ್ವರ ಅಜ್ಜಿಯ ಊರನ್ನೂ ಬಿಟ್ಟಿರಲಿಲ್ಲ. ಅವಳು ಲಸಿಕೆಯ ತಟ್ಟೆ ಎಳೆದುಕೊಂಡು ಸೂಜಿ ಕೈಗೆತ್ತಿಕೊಂಡಳು.

"ನೀವು ಬ್ಯಾಡ್ರಿ," ಎಂದಳು ಐಶ್ವರ್ಯಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಸಿಸ್ಟರ್ ಹಾಕ್ಲಿ."

ಮೇಘನಾ ಸೂಜಿಯನ್ನು ತಟ್ಟೆಯಲ್ಲಿಟ್ಟಳು. ದೀಪ್ತಿಯನ್ನು ಕರೆದು, ತಾನು ಹೊರಗೆ ಹೋಗಿ ಗೋಡೆಗೆ ಆತು ನಿಂತಳು. ಒಳಗೆ ದೀಪ್ತಿ ಏನೋ ಲಲ್ಲೆಗರೆಯುತ್ತಿದ್ದಳು. ಆಮೇಲೆ ಕೂಸು ಆಸ್ಪತ್ರೆಗೆಲ್ಲ ಕೇಳುವಂತೆ ಚೀರಿ ಅತ್ತಿತು. ಮೇಘನಾ ಕಣ್ಣು ಮುಚ್ಚಿ ಆ ಅಳುವನ್ನು ಕೇಳಿದಳು. ಗಂಟಲು ತೆರೆದ, ಉಸಿರು ತುಂಬಿದ ಅಳು.

ಐಶ್ವರ್ಯಾ ಹೊರಗೆ ಬಂದಳು. ಮುಂದೆ ಹೋದವಳು ನಿಂತು, ಅವಳ ಕಡೆ ನೋಡದೆ ಕೇಳಿದಳು. "ಮುಂದಿಂದು ಯಾವಾಗ?"

"ನಾಕ ವಾರ ಬಿಟ್ಟು. ಅವತ್ತ ಜ್ವರ ಇದ್ರೂ ಕರ್ಕೊಂಡು ಬರ್ರಿ."

"ಸಿಸ್ಟರ್ ಇರ್ತಾರಲ್ಲ?"

"ಇರ್ತಾರ."

"ಬರ್ತೀನಿ," ಎಂದಳು ಐಶ್ವರ್ಯಾ. ಕೂಸಿನ ಕಿವಿಗೆ ಮಳೆಗಾಳಿ ತಾಗದಂತೆ ಸೆರಗು ಹೊದಿಸಿ, ಅಂಗಳಕ್ಕೆ ಇಳಿದಳು.